ಸ್ಟುಡಿಯೊಕ್ಕೆ ಹೋದ ಸೀರೆ ಈಗ ಎಲ್ಲಿದೆ?

ಚಿಕ್ಕಪೇಟೆಯ ಸೀರೆ ಅಂಗಡಿಯೊಂದು ಆನ್‌ಲೈನ್ ಮಾರಾಟಕ್ಕೆಂದು ನಲವತ್ತು ಸೀರೆಗಳನ್ನು ಫೋಟೊ ಸ್ಟುಡಿಯೊಕ್ಕೆ ಕಳಿಸಿದೆ ಎನ್ನಿ. ಅದೇ ದಿನ ಇನ್ನೊಂದು ಬ್ರ್ಯಾಂಡಿನ ಇನ್ನೂರು ಅಂಗಿ, ಮತ್ತೊಬ್ಬರ ಚಪ್ಪಲಿ ಡಬ್ಬಗಳು, ಮಗದೊಬ್ಬರ ಶಾಂಪೂ ಬಾಟಲಿಗಳೂ ಅಲ್ಲಿಗೇ ಬಂದಿರುತ್ತವೆ. ಮೂರನೇ ದಿನ ಅಂಗಡಿಯವರು ಫೋನ್ ಮಾಡಿ, ‘ಆ ಹಸಿರು ಇಳಕಲ್ ಸೀರೆಗೆ ಗಿರಾಕಿ ಸಿಕ್ಕಿದ್ದಾರೆ, ಅದೊಂದನ್ನು ಇವತ್ತೇ ವಾಪಸ್ ಕೊಡ್ತೀರಾ?’ ಎನ್ನುತ್ತಾರೆ. ಕೂತಲ್ಲೇ ಉತ್ತರ ಹೇಳಲು ಬಂದರೆ ಆ ಸ್ಟುಡಿಯೊದಲ್ಲಿ ಲೆಕ್ಕ ಸರಿಯಾಗಿದೆ. ‘ಒಂದು ನಿಮಿಷ, ಹುಡುಗರನ್ನು ಕೇಳ್ತೀನಿ’ ಎಂದರೆ ಇಲ್ಲ.

ಮಿಂತ್ರಾ, ಫ್ಲಿಪ್‌ಕಾರ್ಟ್ ಎರಡೂ 2007ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲೇ. ಆನ್‌ಲೈನ್ ಅಂಗಡಿಗೆ ಬೇಕಾದ ಕ್ಯಾಟಲಾಗ್ ಫೋಟೊ ತೆಗೆಯುವುದು ಇಲ್ಲಿ ಈಗ ದೊಡ್ಡ ಕಸುಬು. ಕ್ಯಾಮೆರಾ, ಲೈಟು, ಮಾಡೆಲ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆದರೆ ಸ್ಟುಡಿಯೊದ ಹೆಸರು ಕೆಡುವುದು ಹೆಚ್ಚಾಗಿ ಕೆಟ್ಟ ಫೋಟೊದಿಂದಲ್ಲ, ಕಾಣೆಯಾದ ದುಪಟ್ಟಾದಿಂದ.

ಬಟ್ಟೆಯ ಮೇಲೆ ಬಾರ್‌ಕೋಡ್ ಇದ್ದೇ ಇರುತ್ತದಲ್ಲ, ಅದನ್ನೇ ಸ್ಕ್ಯಾನ್ ಮಾಡಿದರಾಯಿತು ಎಂದು ಹೊಸಬರು ಹೇಳುವುದುಂಟು. ಸಾಲದು. ನಮ್ಮಲ್ಲಿ ನೋಂದಾಯಿಸಿದ, 890ರಿಂದ ಶುರುವಾಗುವ ಹದಿಮೂರು ಅಂಕಿಯ ಬಾರ್‌ಕೋಡ್ ಹೇಳುವುದು ಇದು ಯಾವ ಮಾಲು ಎಂಬುದನ್ನಷ್ಟೇ. ಇದೇ ಬಣ್ಣ, ಇದೇ ಅಳತೆಯ ಸಾವಿರ ಅಂಗಿಗಳಿಗೂ ಸಂಖ್ಯೆ ಒಂದೇ. ಬಾರ್‌ಕೋಡ್ ಹುಟ್ಟಿದ್ದೇ ಗಲ್ಲಾಪೆಟ್ಟಿಗೆಗಾಗಿ. 1974ರ ಜೂನ್ 26ರಂದು ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಮೊದಲು ಸ್ಕ್ಯಾನ್ ಆಗಿದ್ದು ಒಂದು ಚೂಯಿಂಗ್ ಗಮ್ ಪ್ಯಾಕೆಟ್. ಅಲ್ಲಿ ಬೆಲೆ ಗೊತ್ತಾದರೆ ಸಾಕಿತ್ತು, ಯಾವ ಪ್ಯಾಕೆಟ್ ಎಂಬುದು ಯಾರಿಗೂ ಬೇಕಿರಲಿಲ್ಲ. ಸ್ಟುಡಿಯೊಕ್ಕೆ ಬೇಕಾದದ್ದು ಆ ‘ಯಾವುದು’ ಎಂಬುದೇ. ಒಂದೇ ನಮೂನೆಯ ಎರಡು ಅಂಗಿ ಬಂದು, ಒಂದಕ್ಕೆ ಮಾಡೆಲ್‌ನ ಲಿಪ್‌ಸ್ಟಿಕ್ ತಾಗಿದರೆ ಯಾವುದಕ್ಕೆ ತಾಗಿತು, ಯಾರ ಕೈಯಲ್ಲಿದ್ದಾಗ ತಾಗಿತು ಎನ್ನುವುದು ಗೊತ್ತಾಗಬೇಕು. ಪ್ರತಿ ತುಂಡಿಗೂ ತನ್ನದೇ ಗುರುತಿರುವ ಸರಕು ಕಡಿಮೆ. ಹಾಲ್‌ಮಾರ್ಕ್ ಆದ ಚಿನ್ನದ ಒಡವೆಯ ಮೇಲೆ ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ ಇರುತ್ತದೆ, ಕೆಎಸ್‌ಐಸಿಯ ಮೈಸೂರು ರೇಷ್ಮೆ ಸೀರೆಗೆ ಅದರದೇ ಸಂಕೇತ ಸಂಖ್ಯೆ ಇರುತ್ತದೆ. ಉಳಿದವಕ್ಕೆಲ್ಲ ಸ್ಟುಡಿಯೊವೇ ಸಂಖ್ಯೆ ಕೊಡಬೇಕು.

ಆ ಸಂಖ್ಯೆ ಹುಟ್ಟುವುದು ಬಾಗಿಲಲ್ಲಿ. ಮಾರಾಟವಲ್ಲದ ಕಾರಣಕ್ಕೆ ಹೋಗುವ ಸರಕಿಗೆ ಜಿಎಸ್‌ಟಿ ನಿಯಮ 55ರ ಪ್ರಕಾರ ಡೆಲಿವರಿ ಚಲನ್ ಬೇಕು. ಮೂರು ಪ್ರತಿ: ಪಡೆಯುವವರಿಗೆ ಒಂದು, ಸಾಗಿಸುವವರಿಗೆ ಒಂದು, ಕಳಿಸಿದವರಿಗೆ ಒಂದು. ಸರಕಿನ ಮೌಲ್ಯ 50,000 ರೂಪಾಯಿ ದಾಟಿದರೆ ಸಾಮಾನ್ಯವಾಗಿ ಇ–ವೇ ಬಿಲ್ಲೂ ಬೇಕಾಗುತ್ತದೆ. ರೇಷ್ಮೆ ಸೀರೆಯಾದರೆ ಏಳೆಂಟಕ್ಕೇ ಆ ಮೊತ್ತ ಮುಟ್ಟೀತು. ಮೂಟೆ ತಂದ ಹುಡುಗ ಎದುರಿಗೆ ನಿಂತಿರುವಾಗಲೇ ಚಲನ್ ಹಿಡಿದು ಎಣಿಸಬೇಕು. ‘ಗಾಡಿ ನಿಲ್ಲಿಸಿ ಬಂದಿದೀನಿ ಸಾರ್, ಬೇಗ ಸೈನ್ ಹಾಕಿ’ ಎಂಬ ಅವಸರಕ್ಕೆ ಸೋತು ಸಹಿ ಹಾಕಿದರೆ, ಚಲನ್‌ನಲ್ಲಿ ನಲವತ್ತು ಇದ್ದು ಮೂಟೆಯಲ್ಲಿ ಮೂವತ್ತೊಂಬತ್ತು ಸಿಕ್ಕಾಗ ಆ ಒಂದು ಸೀರೆ ಸ್ಟುಡಿಯೊದ ತಲೆಗೇ ಬರುತ್ತದೆ. ಕಲೆ, ಎಳೆ ಕಿತ್ತಿರುವುದು, ಗುಂಡಿ ಇಲ್ಲದಿರುವುದು ಕಂಡರೆ ಅಲ್ಲೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಬೇಕು.

ಆಮೇಲೆ ಟ್ಯಾಗ್. ಸಂಖ್ಯೆಯಲ್ಲೇ ಬ್ರ್ಯಾಂಡು, ತಾರೀಕು, ಬಣ್ಣ ಎಲ್ಲವನ್ನೂ ತುರುಕುವ ಆಸೆ ಹಲವರಿಗಿದೆ. ನನ್ನ ಮಟ್ಟಿಗೆ ಅದು ಬೇಡದ ಜಾಣತನ. ನಾಳೆ ಬಣ್ಣದ ಹೆಸರು ಬದಲಾದರೆ ಸಂಖ್ಯೆಯೇ ಸುಳ್ಳಾಗುತ್ತದೆ. ಒಂದರ ಮುಂದೆ ಒಂದು ಬರುವ ಬರೀ ಕ್ರಮಸಂಖ್ಯೆ ಸಾಕು, ಉಳಿದ ವಿವರ ಕಂಪ್ಯೂಟರಿನಲ್ಲಿರಲಿ. ಸೆಟ್ ಬಂದರೆ ಮಾತ್ರ ಎಚ್ಚರ ಬೇಕು: ಕುರ್ತಾ, ಪ್ಯಾಂಟು, ದುಪಟ್ಟಾ ಮೂರಕ್ಕೂ ಒಂದೇ ಸಂಖ್ಯೆ ಕೊಟ್ಟು ಎ, ಬಿ, ಸಿ ಎಂದು ಬಾಲ ಸೇರಿಸಿ, ಮೂರಕ್ಕೂ ಬೇರೆ ಬೇರೆ ಟ್ಯಾಗ್ ಕಟ್ಟಬೇಕು. ಒಂದೇ ಟ್ಯಾಗನ್ನು ಕುರ್ತಾಗೆ ಕಟ್ಟಿದರೆ ದುಪಟ್ಟಾ ಅನಾಥ. ಚಪ್ಪಲಿಯ ಎಡಗಾಲು, ಬಲಗಾಲಿಗೂ ಇದೇ ನಿಯಮ. ಟ್ಯಾಗನ್ನು ತೊಳೆಯುವ ವಿಧಾನ ಬರೆದ ಒಳಗಿನ ಲೇಬಲ್ಲಿಗೆ ದಾರದಲ್ಲಿ ಕಟ್ಟಿದರೆ ಬಟ್ಟೆಗೆ ತೂತು ಬೀಳದು, ಫೋಟೊದಲ್ಲೂ ಕಾಣದು. ಸೀರೆಗೆ ಅಂಥ ಲೇಬಲ್ ಹೆಚ್ಚಾಗಿ ಇರುವುದಿಲ್ಲ. ಸೆರಗಿನ ಕುಚ್ಚಿಗೆ ಸಡಿಲವಾಗಿ ಕಟ್ಟುವುದೇ ಸುರಕ್ಷಿತ. ರೇಷ್ಮೆಗೆ ಪಿನ್ನು ಸ್ಟೇಪ್ಲರ್ ಮುಟ್ಟಿಸಲೇಬಾರದು.

ಈಗ ನಡೆದಾಟ ಶುರು. ಇನ್‌ವರ್ಡ್ ಮೇಜು, ಇಸ್ತ್ರಿ, ಸ್ಟೈಲಿಂಗ್, ಶೂಟ್, ಶೂಟ್ ಆದವನ್ನು ತೂಗುಹಾಕುವ ರ‍್ಯಾಕ್, ಪ್ಯಾಕಿಂಗ್. ಪ್ರತಿ ಜಾಗಕ್ಕೂ, ಪ್ರತಿ ರ‍್ಯಾಕಿಗೂ ಗೋಡೆಯ ಮೇಲೆ ಒಂದು ಬಾರ್‌ಕೋಡ್ ಅಂಟಿಸಿರುತ್ತಾರೆ. ಮೊದಲು ಜಾಗವನ್ನು ಸ್ಕ್ಯಾನ್ ಮಾಡಬೇಕು, ಆಮೇಲೆ ಬಟ್ಟೆಯನ್ನು. ಇಂಥ ಹೊತ್ತಿಗೆ ಇಂಥದು ಇಲ್ಲಿಗೆ ಬಂತು ಎಂದು ಒಂದು ಸಾಲು ದಾಖಲಾಗುತ್ತದೆ. ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕೇ ಬೇಕೆಂದಿಲ್ಲ. ಯುಎಸ್‌ಬಿ ಸ್ಕ್ಯಾನರನ್ನು ಕಂಪ್ಯೂಟರ್ ಕೀಬೋರ್ಡ್ ಎಂದೇ ತಿಳಿಯುತ್ತದೆ. ಓದಿದ ಸಂಖ್ಯೆಯನ್ನು ಟೈಪ್ ಮಾಡಿ ಎಂಟರ್ ಒತ್ತಿದಂತೆ ಅದು ಕೆಲಸ ಮಾಡುವುದರಿಂದ ಸಣ್ಣ ಸ್ಟುಡಿಯೊಕ್ಕೆ ಎಕ್ಸೆಲ್ ಹಾಳೆಯೇ ಸಾಕಾಗುತ್ತದೆ.

ಸಾಫ್ಟ್‌ವೇರಿಗಿಂತ ಮುಖ್ಯವಾದದ್ದು ಸ್ಕ್ಯಾನ್ ಮಾಡುವವರು ಯಾರು ಎಂಬುದು. ಕೊಡುವವರು ಸ್ಕ್ಯಾನ್ ಮಾಡಿ ಕಳಿಸುವುದು ಹಲವು ಕಡೆ ರೂಢಿ. ಅದು ತಪ್ಪು. ಕೊಡುವವರಿಗೆ ಕೈ ತೊಳೆದುಕೊಳ್ಳುವ ಅವಸರ. ‘ಶೂಟಿಗೆ ಕಳಿಸಿದೆ’ ಎಂದು ದಾಖಲಾದ ಅಂಗಿ ಇನ್ನೂ ಇಸ್ತ್ರಿ ಮೇಜಿನ ಕೆಳಗೇ ಬಿದ್ದಿರಬಹುದು. ತೆಗೆದುಕೊಂಡವರು ಸ್ಕ್ಯಾನ್ ಮಾಡಿದರೆ ಆ ‘ಬೀಪ್’ ಸದ್ದೇ ರಸೀದಿ. ಅದು ಆಗುವವರೆಗೆ ಜವಾಬ್ದಾರಿ ಹಿಂದಿನವರದು. ಈ ಒಂದು ನಿಯಮ ಕೂತರೆ ಅರ್ಧ ಜಗಳ ತಾನಾಗಿ ನಿಲ್ಲುತ್ತದೆ. ಇಲ್ಲದಿದ್ದರೆ ಇಸ್ತ್ರಿ ಅಣ್ಣ ಸ್ಟೈಲಿಸ್ಟ್ ಕಡೆ, ಸ್ಟೈಲಿಸ್ಟ್ ಫೋಟೊಗ್ರಾಫರ್ ಕಡೆ ಬೊಟ್ಟು ಮಾಡುತ್ತ ಸಂಜೆಯಾಗುತ್ತದೆ.

ಕ್ಯಾಮೆರಾ ಮುಂದೆ ಇದೇ ಸಂಖ್ಯೆಗೆ ಇನ್ನೊಂದು ಕೆಲಸವಿದೆ. ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸಿ ಶೂಟ್ ಮಾಡುವಾಗ, ಸ್ಕ್ಯಾನ್ ಮಾಡಿದ ಸಂಖ್ಯೆಯೇ ಫೈಲಿನ ಹೆಸರಾಗುವಂತೆ ಕ್ಯಾಪ್ಚರ್ ಒನ್‌ನಂಥ ಸಾಫ್ಟ್‌ವೇರುಗಳಲ್ಲಿ ಹೊಂದಿಸಬಹುದು. ಮುಂಭಾಗ, ಹಿಂಭಾಗ, ಹತ್ತಿರದ ನೋಟ ಎಲ್ಲಕ್ಕೂ ಅದೇ ಹೆಸರು, ಕೊನೆಗೆ ಒಂದು, ಎರಡು, ಮೂರು. ತಪ್ಪಾಗುವುದು ಬಟ್ಟೆ ಬದಲಾಗುವಾಗ. ಮಾಡೆಲ್ ಹೊಸ ಕುರ್ತಾ ತೊಟ್ಟು ಬಂದು ನಿಂತಿರುತ್ತಾಳೆ, ಸ್ಕ್ಯಾನ್ ಮರೆತಿರುತ್ತದೆ, ಹಳೆಯ ಸಂಖ್ಯೆಯಡಿ ಹೊಸ ಚಿತ್ರಗಳು ಸೇರುತ್ತ ಹೋಗುತ್ತವೆ. ಕೆಂಪು ಹೋಗಿ ಹಳದಿ ಬಂದರೆ ಕಣ್ಣಿಗೆ ಬೀಳುತ್ತದೆ. ಕಡುನೀಲಿ ಹೋಗಿ ಕಪ್ಪುನೀಲಿ ಬಂದರೆ ಗೊತ್ತಾಗುವುದು ಗ್ರಾಹಕರು ಮಾಲು ಹಿಂದಿರುಗಿಸಿದಾಗಲೇ. ಅದಕ್ಕೇ ಪ್ರತಿ ಬಟ್ಟೆಯ ಮೊದಲ ಚಿತ್ರ ಟ್ಯಾಗಿನದ್ದೇ ಆಗಿರಲಿ ಎಂದು ಅನುಭವಸ್ಥರು ಪಟ್ಟು ಹಿಡಿಯುತ್ತಾರೆ. ಒಂದು ಕ್ಲಿಕ್ಕಿನ ಖರ್ಚು ಅಷ್ಟೆ, ಫೈಲಿನ ಹೆಸರು ಕೆಟ್ಟರೂ ಚಿತ್ರವೇ ಸಾಕ್ಷಿ ಹೇಳುತ್ತದೆ.

ಶೂಟ್ ಮುಗಿದ ಕೂಡಲೇ ಮಾಲು ವಾಪಸ್ ಕಳಿಸಬಾರದು. ಚಿತ್ರ ತಿದ್ದುವವರು ‘ಕಾಲರಿನ ಒಳಭಾಗದ ಫೋಟೊ ಇಲ್ಲ’ ಎನ್ನಬಹುದು, ಗಿರಾಕಿ ಮತ್ತೊಮ್ಮೆ ತೆಗೆಯಿರಿ ಎನ್ನಬಹುದು. ಒಪ್ಪಿಗೆ ಬರುವವರೆಗೆ ಅದಕ್ಕೊಂದು ಪ್ರತ್ಯೇಕ ರ‍್ಯಾಕ್ ಬೇಕು. ಆ ಹಸಿರು ಇಳಕಲ್‌ನಂತೆ ನಡುವೆಯೇ ಒಂದನ್ನು ಕೇಳಿದರೆ, ನಲವತ್ತರ ಚಲನ್‌ನಲ್ಲಿ ಒಂದು ಹೋಯಿತೆಂದು ಕೈಬರಹದಲ್ಲಿ ಗೀಚದೆ, ವಾಪಸಾತಿಗೆ ಬೇರೆ ಚಲನ್ ಮಾಡಿ ಹಳೆಯದರ ಸಂಖ್ಯೆ ನಮೂದಿಸಬೇಕು. ತೆರೆದ ಕ್ರೀಮು, ಕತ್ತರಿಸಿದ ಕೇಕು ಹಿಂದಿರುಗುವ ಮಾಲಲ್ಲ. ಅವನ್ನು ‘ಬಳಕೆಯಾಯಿತು’ ಎಂದು ಬರೆದು, ಕಳಿಸಿದವರ ಒಪ್ಪಿಗೆ ಪಡೆದು ಲೆಕ್ಕದಿಂದ ತೆಗೆಯಬೇಕು.

ವಾರಕ್ಕೊಮ್ಮೆ ರ‍್ಯಾಕಿನಿಂದ ರ‍್ಯಾಕಿಗೆ ನಡೆದು, ದಾಖಲೆಯಲ್ಲಿರುವುದು ಅಲ್ಲಿದೆಯೇ ಎಂದು ನೋಡದಿದ್ದರೆ ಯಾವ ಪದ್ಧತಿಯೂ ಮೆಲ್ಲಗೆ ಸುಳ್ಳಾಗುತ್ತದೆ. ದೊಡ್ಡ ಸ್ಟುಡಿಯೊಗಳಿಗೆ ಆರ್‌ಎಫ್‌ಐಡಿ ಟ್ಯಾಗ್ ಅನುಕೂಲ. ರೀಡರ್ ಹಿಡಿದು ರ‍್ಯಾಕಿನ ಪಕ್ಕ ನಡೆದರೆ ಒಂದೊಂದನ್ನೂ ಮುಟ್ಟದೆ ಎಣಿಕೆಯಾಗುತ್ತದೆ. ಬಟ್ಟೆಗೆ ಇದು ಹೇಳಿ ಮಾಡಿಸಿದ್ದು, ಆದರೆ ಲೋಹ ಮತ್ತು ದ್ರವ ರೇಡಿಯೊ ಅಲೆಗಳಿಗೆ ಅಡ್ಡಿ. ಸ್ಟೀಲ್ ಪಾತ್ರೆ, ಸುಗಂಧದ ಬಾಟಲಿಗಳಿಗೆ ಬಾರ್‌ಕೋಡೇ ವಾಸಿ. ಒಡವೆಗಾದರೆ ತಕ್ಕಡಿಯೂ ಬೇಕು: ಬರುವಾಗ, ಹೋಗುವಾಗ ಎರಡು ಸಲ, ಮಿಲಿಗ್ರಾಂವರೆಗೆ ತೂಕ.

ಇಷ್ಟಾಗಿಯೂ ಒಮ್ಮೊಮ್ಮೆ ಮಾಲು ಕಳೆದೇ ಹೋಗುತ್ತದೆ. ಆಗ ಸ್ಟುಡಿಯೊ ಕಟ್ಟಿಕೊಡಬೇಕಾದದ್ದು ಎಂಆರ್‌ಪಿಯನ್ನೋ, ತಯಾರಿಕೆಯ ಅಸಲನ್ನೋ? ಮಾರುಕಟ್ಟೆಗೆ ಇನ್ನೂ ಬಾರದ, ಒಂದೇ ಒಂದು ಹೊಲಿದ ಸ್ಯಾಂಪಲ್ಲಿಗೆ ಬೆಲೆ ಕಟ್ಟುವುದು ಹೇಗೆ? ಇದನ್ನು ಮೊದಲ ಮೂಟೆ ಬಿಚ್ಚುವ ಮುಂಚೆಯೇ ಬರೆದುಕೊಂಡು, ಚಲನ್‌ನಲ್ಲಿ ಪ್ರತಿ ಸಾಲಿನ ಮುಂದೆಯೂ ಒಪ್ಪಿದ ಮೌಲ್ಯವನ್ನೇ ನಮೂದಿಸುವಂತೆ ಕೇಳಿ.