ಸಾವಿಗೆ ಮುನ್ನವೇ ಸಿಡಿದ ತಾರೆಗಳು

ಜಪಾನಿನ ಹವ್ಯಾಸಿ ಖಗೋಳವೀಕ್ಷಕ ಕೊಯಿಚಿ ಇಟಗಾಕಿ 2004ರ ಅಕ್ಟೋಬರ್‌ನಲ್ಲಿ ಯುಜಿಸಿ 4904 ಎಂಬ ಗ್ಯಾಲಕ್ಸಿಯಲ್ಲಿ ಮಸುಕಾದ ಚುಕ್ಕೆಯೊಂದನ್ನು ಕಂಡರು. ಸ್ವಲ್ಪ ದಿನಗಳಲ್ಲೇ ಅದು ಮಾಯವಾಯಿತು. 2006ರ ಅಕ್ಟೋಬರ್ 9ರಂದು ಅದೇ ಜಾಗದಲ್ಲಿ ಸೂಪರ್‌ನೋವಾ ಬೆಳಗಿತು. ಅದನ್ನು ಮೊದಲು ಗುರುತಿಸಿದವರೂ ಇಟಗಾಕಿಯವರೇ.

ಎಸ್‌ಎನ್ 2006ಜೆಸಿ ಎಂಬ ಹೆಸರು ಪಡೆದ ಈ ತಾರೆಯತ್ತ ಲಡಾಖ್‌ನ ಹಾನ್ಲೆಯಲ್ಲಿರುವ 2 ಮೀಟರ್‌ನ ಹಿಮಾಲಯನ್ ಚಂದ್ರ ದೂರದರ್ಶಕವೂ ತಿರುಗಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಇದನ್ನು ಹೊಸಕೋಟೆಯಲ್ಲಿ ಕುಳಿತು, ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತದೆ. ಜಿ.ಸಿ. ಅನುಪಮಾ ಮತ್ತು ಸಂಗಡಿಗರು ಪಡೆದ ರೋಹಿತದಲ್ಲಿ ಹೀಲಿಯಂ ಗೆರೆಗಳು ಎದ್ದು ಕಾಣುತ್ತಿದ್ದವು. ಆ ಅನಿಲದ ವೇಗ ಸೆಕೆಂಡಿಗೆ ಸುಮಾರು 2,500 ಕಿ.ಮೀ. ಸ್ಫೋಟದ ಚೂರುಗಳು ಇದಕ್ಕಿಂತ ಹಲವು ಪಟ್ಟು ವೇಗವಾಗಿ ಹಾರುತ್ತವೆ. ಅಂದರೆ ಈ ಹೀಲಿಯಂ ತಾರೆ ಸಾಯುವ ಮೊದಲೇ ಕಳಚಿಕೊಂಡದ್ದು.

ಸಾಮಾನ್ಯ ಸೂಪರ್‌ನೋವಾದ ಚಲನಶಕ್ತಿಯಲ್ಲಿ ಶೇ 1ರಷ್ಟು ಮಾತ್ರ ಬೆಳಕಾಗುತ್ತದೆ. ಸುತ್ತ ದಟ್ಟ ಅನಿಲವಿದ್ದರೆ ಚೂರುಗಳು ಅದಕ್ಕೆ ಡಿಕ್ಕಿ ಹೊಡೆದು ಕಾಯುತ್ತವೆ, ವೇಗವೇ ಬೆಳಕಾಗುತ್ತದೆ. ಹೈಡ್ರೋಜನ್ನಿನ ಕಿರಿದಾದ ಗೆರೆಗಳಿರುವ ಇಂಥ ಸ್ಫೋಟಗಳಿಗೆ ಎರಿಕ್ ಶ್ಲೆಗೆಲ್ 1990ರಲ್ಲಿ ‘2ಎನ್’ ಎಂಬ ವರ್ಗವನ್ನೇ ಮಾಡಿದ್ದರು.

ನಿಜವಾದ ಒಗಟು ಎದುರಾದದ್ದು ಆಮೇಲೆ.

2010ರ ನವೆಂಬರ್‌ನಲ್ಲಿ, ಸುಮಾರು 16 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಇದೇ ವರ್ಗದ ಎಸ್‌ಎನ್ 2010ಜೆಎಲ್ ಸಿಡಿಯಿತು. ಪೂನಮ್ ಚಂದ್ರ ಅವರ ತಂಡ ಚಂದ್ರ ಎಕ್ಸ್-ರೇ ವೀಕ್ಷಣಾಲಯದಿಂದ ನೋಡಿದಾಗ, ಆಘಾತದ ಅಲೆ ಅನಿಲದ ಹೊದಿಕೆಯನ್ನು ಸೀಳಿ ಬರುತ್ತಿರುವುದು ಗೊತ್ತಾಯಿತು. ಒಂದು ವರ್ಷದೊಳಗೆ ಹೊದಿಕೆ ಎಕ್ಸ್-ಕಿರಣಗಳನ್ನು ನುಂಗುವುದು ಗಣನೀಯವಾಗಿ ತಗ್ಗಿತ್ತು. ತಾರೆ ಕಳಚಿದ್ದ ಅನಿಲ ಕಡಿಮೆಯೆಂದರೂ ಮೂರು ಸೂರ್ಯರಷ್ಟು ತೂಗುತ್ತಿತ್ತು. ಆದರೆ ಆ ತಾರೆ ಹುಟ್ಟಿದ ಗ್ಯಾಲಕ್ಸಿಯಲ್ಲಿ ಲೋಹಾಂಶ ಸೂರ್ಯನಲ್ಲಿರುವುದರ ಮೂರನೇ ಒಂದು ಭಾಗವೂ ಇರಲಿಲ್ಲ!

ಖಗೋಳ ವಿಜ್ಞಾನಿಗಳ ಲೆಕ್ಕದಲ್ಲಿ ಹೀಲಿಯಂಗಿಂತ ಭಾರವಾದದ್ದೆಲ್ಲ ಲೋಹವೇ. ದೈತ್ಯ ತಾರೆಯ ಬೆಳಕನ್ನು ಹೀರಿ ಹೊರಮೈಯ ಅನಿಲವನ್ನು ಆಚೆಗೆ ತಳ್ಳುವುದು ಕಬ್ಬಿಣದಂಥ ಪರಮಾಣುಗಳು. ಅವು ಕಡಿಮೆಯಿದ್ದರೆ ಹೀಗೆ ಹೊರಗೆ ಹರಿಯುವ ತಾರಾಮಾರುತವೂ ಸೊರಗಬೇಕು. ಹಾಗಾದರೆ ಅಷ್ಟು ದಟ್ಟ ಹೊದಿಕೆ ಬಂದದ್ದೆಲ್ಲಿಂದ?

ಇಟಗಾಕಿ ಕಂಡ ಚುಕ್ಕೆ ಒಂದು ಸುಳಿವು. 1840ರ ದಶಕದಲ್ಲಿ ನಮ್ಮ ಆಕಾಶಗಂಗೆಯ ಈಟಾ ಕ್ಯಾರಿನೇ ಎಂಬ ದೈತ್ಯ ತಾರೆ ಸಾಯದೆಯೇ ಭುಗಿಲೆದ್ದು, ಹತ್ತು ಸೂರ್ಯರಿಗೂ ಹೆಚ್ಚಿನ ದ್ರವ್ಯವನ್ನು ಹೊರಚೆಲ್ಲಿತ್ತು. ಇಂಥ ಉಗುಳುವಿಕೆಗೆ ಲೋಹದ ಹಂಗು ಅಷ್ಟಾಗಿಲ್ಲ. ಜೋಡಿ ತಾರೆಯ ಸೆಳೆತವೂ ಕಾರಣವಾಗಬಲ್ಲದು.

ಲೋಹ ಕಡಿಮೆಯಿರುವ ಗ್ಯಾಲಕ್ಸಿಗಳಿಗೂ ಇಂಥ ಸ್ಫೋಟಗಳಿಗೂ ಇರುವ ನಂಟು ತಡವಾಗಿ ತೋರಿದ್ದಕ್ಕೆ ಹುಡುಕಾಟದ ರೀತಿಯೂ ಕಾರಣ. ಹಳೆಯ ಶೋಧಗಳು ದೊಡ್ಡ, ಲೋಹಸಮೃದ್ಧ ಗ್ಯಾಲಕ್ಸಿಗಳನ್ನೇ ಕಾಯುತ್ತಿದ್ದವು. 2009ರಲ್ಲಿ ಶುರುವಾದ ಪಾಲೊಮಾರ್ ಸಮೀಕ್ಷೆಯಂಥವು ಆಕಾಶದ ವಿಶಾಲ ಭಾಗವನ್ನೇ ಜಾಲಾಡತೊಡಗಿದ ಮೇಲೆ ಕುಬ್ಜ ಗ್ಯಾಲಕ್ಸಿಗಳ ಸ್ಫೋಟಗಳೂ ಬಲೆಗೆ ಬಿದ್ದವು. ಚಿಲಿಯ ವೆರಾ ರೂಬಿನ್ ವೀಕ್ಷಣಾಲಯ ದಕ್ಷಿಣದ ಬಾನನ್ನು ಕೆಲವೇ ರಾತ್ರಿಗಳಿಗೊಮ್ಮೆ ಚಿತ್ರಿಸಲು ಸಜ್ಜಾಗಿದೆ. ಸಾವಿಗೆ ಮುಂಚಿನ ಇಂಥ ಭುಗಿಲುಗಳನ್ನು ಹಳೆಯ ಚಿತ್ರಗಳಲ್ಲಿ ಹುಡುಕಿ ತೆಗೆಯುವುದು ಇನ್ನು ಸಲೀಸು.