ರೈಲಿನಿಂದಿಳಿದ ಮೇಲಿನ ದಾರಿ

ಕಮಲಾಪುರದಲ್ಲಿ ರೈಲು ಹತ್ತಿ ಕಲಬುರಗಿಯಲ್ಲಿಳಿದ ವಿದ್ಯಾರ್ಥಿಯು ಸ್ಟೇಶನ್ ಬಜಾರದ ಕಡೆ ಹೊರಬಂದು ನಿಲ್ಲುತ್ತಾನೆ. 2017ರಲ್ಲಿ ತೆರೆದ ಬೀದರ-ಕಲಬುರಗಿ ಮಾರ್ಗವು ಅವನನ್ನು ಇಲ್ಲಿಗೆ ತಂದು ಬಿಟ್ಟಿತು. ಆದರೆ ಕಾಲೇಜು ಬೇರೊಂದು ಕಡೆ, ಕೇಂದ್ರ ಬಸ್ ನಿಲ್ದಾಣ ಮತ್ತೊಂದು ಕಡೆ. ಮೊದಲನೆಯ ಗಂಟೆಗೆ ತಡವಾಗಿ ಬಂದವನನ್ನು ಗದರಿಸುವ ಮುನ್ನ ಈ ಉಳಿದ ದಾರಿಯ ಲೆಕ್ಕವನ್ನು ನಾವು ಅಧ್ಯಾಪಕರೂ ಒಮ್ಮೆ ಹಾಕಿ ನೋಡಬೇಕು.

ನಡೆಯುವವನ ವೇಗ ಗಂಟೆಗೆ ಸುಮಾರು 5 ಕಿ.ಮೀ.; ಸೈಕಲ್ಲಿನವನದು 15 ಕಿ.ಮೀ. ಎಂದಿಟ್ಟುಕೊಳ್ಳೋಣ. ಹತ್ತು ನಿಮಿಷಗಳಲ್ಲಿ ಮೊದಲನೆಯವನು 830 ಮೀಟರನ್ನೂ ಎರಡನೆಯವನು 2.5 ಕಿ.ಮೀ.ಯನ್ನೂ ಕ್ರಮಿಸುತ್ತಾರೆ. ನಿಲ್ದಾಣವನ್ನು ಕೇಂದ್ರವಾಗಿಟ್ಟುಕೊಂಡು ಈ ತ್ರಿಜ್ಯಗಳಿಂದ ಎರಡು ವೃತ್ತಗಳನ್ನೆಳೆದರೆ ಅವುಗಳ ವಿಸ್ತೀರ್ಣ ಕ್ರಮವಾಗಿ 2.2 ಮತ್ತು 19.6 ಚದರ ಕಿ.ಮೀ. ವಿಸ್ತೀರ್ಣವು ತ್ರಿಜ್ಯದ ವರ್ಗಕ್ಕೆ ಅನುಸಾರವಾದುದರಿಂದ, ವೇಗ ಮೂರು ಪಟ್ಟಾದರೆ ನಿಲ್ದಾಣಕ್ಕೆ ಎಟುಕುವ ಊರು ಒಂಬತ್ತು ಪಟ್ಟಾಗುತ್ತದೆ! ಬೀದಿಗಳು ಅಂಕುಡೊಂಕಾಗಿರುವುದರಿಂದ ಎರಡು ವೃತ್ತಗಳೂ ಕುಗ್ಗುವುವು. ಅವುಗಳ ಪ್ರಮಾಣ ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಯುವುದು.

ಇಷ್ಟು ಲಾಭಕ್ಕೆ ಬೇಕಾದುದು ಸೈಕಲ್ಲನ್ನು ನಂಬಿ ಬಿಟ್ಟುಹೋಗಬಹುದಾದ ಸ್ಥಳ. ಒಂದು ಕಾರು ನಿಲ್ಲುವ ಜಾಗದಲ್ಲಿ ಸುಮಾರು ಹತ್ತು ಸೈಕಲ್ಲುಗಳನ್ನು ನಿಲ್ಲಿಸಬಹುದು. ಹಾಲೆಂಡಿನ ಉಟ್ರೆಕ್ಟ್ ರೈಲು ನಿಲ್ದಾಣದಲ್ಲಿ 12,500 ಸೈಕಲ್ಲುಗಳಿಗೆ ನೆಲೆಯೊದಗಿಸುವ ಕಟ್ಟಡವು 2019ರಲ್ಲಿ ಪೂರ್ಣವಾಯಿತು. ಆದರೆ ನಮ್ಮ ವಿದ್ಯಾರ್ಥಿಯ ತೊಂದರೆ ಇಷ್ಟರಿಂದ ತೀರದು: ಅವನ ಸೈಕಲ್ಲು ಕಮಲಾಪುರದಲ್ಲೇ ಉಳಿದಿದೆ. ಇಳಿದ ಊರಿನಲ್ಲಿ ಬಾಡಿಗೆಗೆ ಪಡೆದು, ಬೇರೊಂದು ಕಟ್ಟೆಯಲ್ಲಿ ಹಿಂದಿರುಗಿಸುವ ವ್ಯವಸ್ಥೆ ಅವನಿಗೆ ಬೇಕು. ಮೈಸೂರಿನಲ್ಲಿ 2017ರಲ್ಲಿ ಆರಂಭವಾದ ‘ಟ್ರಿಣ್ ಟ್ರಿಣ್’ ಯೋಜನೆ ಇಂಥದೇ.

ಇನ್ನು ಬಸ್ಸಿಗಾಗಿ ಕಾಯುವವನ ವಿಚಾರ. ಇಪ್ಪತ್ತು ನಿಮಿಷಕ್ಕೊಂದು ಬಸ್ಸಿದ್ದರೆ, ವೇಳೆ ತಿಳಿಯದೆ ಬಂದವನು ಸರಾಸರಿ ಹತ್ತು ನಿಮಿಷ ಕಾಯಬೇಕು. ಕಲಬುರಗಿಯ ಮೇ ತಿಂಗಳಲ್ಲಿ ಈ ಹತ್ತು ನಿಮಿಷ ಸಣ್ಣ ಮಾತಲ್ಲ. ನಡುಹಗಲಿನಲ್ಲಿ ಬಿಸಿಲಿನ ತೀವ್ರತೆ ಚದರ ಮೀಟರಿಗೆ ಸುಮಾರು 1000 ವಾಟ್. ನಿಂತವನ ಮೇಲೆ ಅದರ ಐದರಲ್ಲೊಂದು ಪಾಲು ಬಿದ್ದರೂ 200 ವಾಟ್ ಆಯಿತು; ಸುಮ್ಮನೆ ನಿಂತ ದೇಹವು ತಾನೇ ಉತ್ಪಾದಿಸುವ ಉಷ್ಣ 100 ವಾಟಿನ ಆಸುಪಾಸು. ಚರ್ಮದ ಉಷ್ಣತೆ 35 ಡಿಗ್ರಿಯಷ್ಟು, ಗಾಳಿಯದು 40ನ್ನು ಮೀರಿದೆ. ಹೀಗಾಗಿ ಗಾಳಿಯೂ ದೇಹಕ್ಕೆ ಉಷ್ಣವನ್ನೇ ಕೊಡುತ್ತದೆ. ಬೆವರು ಆರುವುದೊಂದೇ ಗತಿ. ನೆರಳು ಬಹುಪಾಲು ಆ 200 ವಾಟನ್ನು ತಡೆಯುತ್ತದೆ. ಆದರೆ ಎಲ್ಲ ನೆರಳೂ ಒಂದೇ ಅಲ್ಲ. ತಗಡಿನ ಚಾವಣಿ ಮುಟ್ಟಲಾರದಷ್ಟು ಕಾದು, ಕೆಳಗಿರುವವರ ತಲೆಯ ಮೇಲೆ ತಾನೇ ಉಷ್ಣವನ್ನು ಸೂಸುತ್ತದೆ. ಎಲೆಯಾದರೋ ನೀರನ್ನು ಆವಿಯಾಗಿಸಿ ತನ್ನನ್ನು ತಂಪಾಗಿಟ್ಟುಕೊಳ್ಳುತ್ತದೆ. ಬೇವಿನ ಸಾಲೇ ಮೇಲೆಂದು ನಮ್ಮ ಎಣಿಕೆ. ಬಸ್ಸಿನ ಮಾಡಿಗೆ ತಗಲುವ ಕೊಂಬೆಗಳನ್ನು ವರ್ಷಕ್ಕೊಮ್ಮೆ ಸವರಬೇಕಾದೀತು, ಅಷ್ಟೆ.

ನಿಲ್ದಾಣದ ಬಾಗಿಲ ಮುಂದಿನ ನೆಲವನ್ನು ಹಂಚುವಾಗ ಮೊದಲ ಸರದಿ ಯಾರದು? ಸಾಮಾನ್ಯವಾಗಿ ಅದು ಕಾರಿಗೆ ಸಿಕ್ಕಿಬಿಡುತ್ತದೆ. ನಡೆಯುವವನಿಗೆ ಪ್ರತಿ 100 ಮೀಟರಿಗೆ 72 ಸೆಕೆಂಡು ಬೇಕು. ಬಸ್ಸಿನ ತಂಗುದಾಣ 300 ಮೀಟರ್ ಆಚೆಗಿದ್ದರೆ ಮೂರೂವರೆ ನಿಮಿಷ ಹೋಯಿತು. ಅಷ್ಟರಲ್ಲಿ ಕಣ್ಣೆದುರಿಗೇ ಬಸ್ಸು ಹೊರಟುಬಿಟ್ಟರೆ ಮತ್ತೆ ಇಪ್ಪತ್ತು. ಕಾರಿನವನಿಗೆ ಅದೇ 300 ಮೀಟರ್ ಒಂದು ನಿಮಿಷದ ದಾರಿ.