ತಿಜೋರಿಯ ಕೀಲಿಕೈ ಗುಮಾಸ್ತನಿಗೇಕೆ? ವೆಬ್ ಸರ್ವರ್ ಮತ್ತು ‘ರೂಟ್’ ಅಧಿಕಾರ

ಕೌಂಟರಿನಲ್ಲಿ ಕೂರುವ ಗುಮಾಸ್ತನಿಗೆ ತಿಜೋರಿಯ ಕೀಲಿಕೈ, ಚೆಕ್ಕಿಗೆ ಸಹಿ ಮಾಡುವ ಅಧಿಕಾರ ಮತ್ತು ಲೆಕ್ಕಪುಸ್ತಕ ತಿದ್ದುವ ಅವಕಾಶ ಮೂರನ್ನೂ ಒಟ್ಟಿಗೆ ಕೊಡುವ ವರ್ತಕರು ವಿರಳ. ಗುಮಾಸ್ತ ಅಪ್ರಾಮಾಣಿಕನೆಂಬುದು ಇದಕ್ಕೆ ಕಾರಣವಲ್ಲ. ಆತ ಮೋಸಹೋದರೂ ನಷ್ಟವು ಗಲ್ಲಾಪೆಟ್ಟಿಗೆಯನ್ನು ದಾಟಬಾರದೆಂಬುದೇ ಕಾರಣ. ಆದರೆ ಅದೇ ವರ್ತಕರ ಜಾಲತಾಣ ನಡೆಯುವ ಲಿನಕ್ಸ್ ಸರ್ವರಿನಲ್ಲಿ ಈ ಮೂರೂ ಅಧಿಕಾರಗಳು ಒಂದೇ ಕೈಯಲ್ಲಿರುವುದುಂಟು.

ಲಿನಕ್ಸ್‌ನಲ್ಲಿ ‘ರೂಟ್’ ಎಂಬುದು ಸರ್ವಾಧಿಕಾರದ ಖಾತೆ. ಅದರ ಸಂಖ್ಯೆ 0. ಕಡತಗಳಿಗೆ ವಿಧಿಸಿದ ಸಾಮಾನ್ಯ ನಿರ್ಬಂಧಗಳು ಅದನ್ನು ತಡೆಯಲಾರವು. ಜಾಲತಾಣಗಳು ಬಳಸುವ 80 ಮತ್ತು 443ನೇ ಪೋರ್ಟ್‌ಗಳು 1024ಕ್ಕಿಂತ ಕೆಳಗಿನವು. ಇವನ್ನು ತೆರೆಯಲು ಸಂಪ್ರದಾಯದಂತೆ ರೂಟ್ ಅಧಿಕಾರ ಬೇಕು. ಆದುದರಿಂದ ಅಪಾಚೆ, ಎಂಜಿನ್‌ಎಕ್ಸ್ ಮುಂತಾದ ಸರ್ವರ್‌ಗಳ ಮುಖ್ಯ ಪ್ರೊಸೆಸ್ ರೂಟ್ ಆಗಿ ಆರಂಭವಾಗಿ ಪೋರ್ಟ್ ತೆರೆಯುತ್ತದೆ. ಗ್ರಾಹಕರ ಕೋರಿಕೆಗಳಿಗೆ ಉತ್ತರಿಸುವ ಕೆಲಸವನ್ನು ಕಡಿಮೆ ಅಧಿಕಾರದ ಉಪ-ಪ್ರೊಸೆಸ್‌ಗಳಿಗೆ ವಹಿಸುತ್ತದೆ.

ಈ ವಿಭಜನೆಯ ಬೆಲೆ 2002ರ ಸೆಪ್ಟೆಂಬರಿನಲ್ಲಿ ತಿಳಿಯಿತು. ಅಪಾಚೆಯೊಂದಿಗೆ ಬಳಸುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ದೋಷವನ್ನು ಬಳಸಿ ‘ಸ್ಲ್ಯಾಪರ್’ ಎಂಬ ಹುಳು ಲಿನಕ್ಸ್ ಸರ್ವರ್‌ಗಳನ್ನು ಹೊಕ್ಕಿತು. ಅದಕ್ಕೆ ದಕ್ಕಿದ್ದು ಅಪಾಚೆಯ ಖಾತೆಗಿದ್ದ ಅಧಿಕಾರ ಮಾತ್ರ. ಅಷ್ಟರಿಂದಲೇ ಅದು ಆ ಗಣಕಗಳನ್ನು ಇತರರ ಮೇಲಿನ ದಾಳಿಗೆ ಬಳಸಬಲ್ಲದಾಯಿತು. ರೂಟ್ ದಕ್ಕಿದ್ದರೆ ಇಡೀ ಗಣಕವೇ ಅದರ ವಶವಾಗುತ್ತಿತ್ತು.

ಆದರೂ ಮುಖ್ಯ ಪ್ರೊಸೆಸ್ ರೂಟ್ ಆಗಿರುವವರೆಗೆ ಅಪಾಯ ಪೂರ್ಣವಾಗಿ ನೀಗದು. 2019ರ ಏಪ್ರಿಲ್‌ನಲ್ಲಿ ಪ್ರಕಟವಾದ ದೋಷವೊಂದು ಅಪಾಚೆಯ 2.4.17ರಿಂದ 2.4.38ರವರೆಗಿನ ಆವೃತ್ತಿಗಳಲ್ಲಿ ಉಪ-ಪ್ರೊಸೆಸ್ಸಿಗೆ ಮುಖ್ಯ ಪ್ರೊಸೆಸ್ಸಿನ ಅಧಿಕಾರ ದೊರಕುವಂತೆ ಮಾಡಿತ್ತು. 2.4.39ರಲ್ಲಿ ಅದನ್ನು ಸರಿಪಡಿಸಲಾಯಿತು.

ಪರಿಹಾರ ಕ್ರಮಗಳು ದುಬಾರಿಯಲ್ಲ. ಮೊದಲನೆಯದಾಗಿ, ಬಿಲ್ಲಿಂಗ್, ಆರ್ಡರ್ ಮುಂತಾದ ಅಪ್ಲಿಕೇಶನ್‌ಗಳನ್ನು ಪ್ರತ್ಯೇಕ ಸಾಮಾನ್ಯ ಖಾತೆಯಲ್ಲಿ, 8080ರಂತಹ ಮೇಲಿನ ಪೋರ್ಟ್‌ನಲ್ಲಿ ನಡೆಸಿ, ಮುಂದಿರುವ ವೆಬ್ ಸರ್ವರ್ ಮೂಲಕ ಕೋರಿಕೆಗಳನ್ನು ತಲುಪಿಸಬೇಕು. ಎರಡನೆಯದಾಗಿ, ಕೆಳಗಿನ ಪೋರ್ಟ್ ನೇರವಾಗಿಯೇ ಬೇಕಿದ್ದರೆ ಪೋರ್ಟ್ ತೆರೆಯುವ ಸಾಮರ್ಥ್ಯವೊಂದನ್ನೇ ‘ಸೆಟ್‌ಕ್ಯಾಪ್’ ಆದೇಶ ಅಥವಾ ‘ಸಿಸ್ಟಮ್‌ಡಿ’ ವ್ಯವಸ್ಥೆಯ ಮೂಲಕ ನೀಡಬಹುದು. ಇದು ಜಿ.ಪಿ.ಎ. ಬದಲು ಒಂದೇ ಕಾರ್ಯಕ್ಕೆ ಬರೆದುಕೊಟ್ಟ ವಿಶೇಷ ಅಧಿಕಾರ ಪತ್ರದಂತೆ. ಮೂರನೆಯದಾಗಿ, ತಾಣದ ಪ್ರೋಗ್ರಾಂ ಕಡತಗಳ ಒಡೆತನ ಅದನ್ನು ನಡೆಸುವ ಖಾತೆಗೆ ಇರಕೂಡದು. ಗ್ರಾಹಕರು ಕಳಿಸುವ ಕಡತಗಳ ಫೋಲ್ಡರಿಗೆ ಮಾತ್ರ ಬರೆಯುವ ಅನುಮತಿ ಸಾಕು. ಕೆಲಸ ಬೇಗ ಮುಗಿಯಲೆಂದು ಎಲ್ಲರಿಗೂ ಎಲ್ಲ ಅನುಮತಿ ನೀಡುವ ‘777’ರ ರೂಢಿ ಸಹಿ ಮಾಡಿದ ಖಾಲಿ ಚೆಕ್ಕಿಗೆ ಸಮಾನ.

ರೂಟ್ ಇಲ್ಲದ ಮಾತ್ರಕ್ಕೆ ಗ್ರಾಹಕರ ಮಾಹಿತಿ ಸುರಕ್ಷಿತವೆಂದು ಭಾವಿಸಲಾಗದು. ಅಪ್ಲಿಕೇಶನ್ ಓದಬಲ್ಲ ದತ್ತಾಂಶವನ್ನು ಅದನ್ನು ವಶಪಡಿಸಿಕೊಂಡವನೂ ಓದಬಲ್ಲ. ಆದುದರಿಂದ ಡೇಟಾಬೇಸ್ ಖಾತೆಗೂ ಅಗತ್ಯವಿರುವಷ್ಟೇ ಅಧಿಕಾರ ಇರಬೇಕು. ಬ್ಯಾಕಪ್ ಪ್ರತಿಗಳು ಆ ಸರ್ವರಿನ ಕೈಗೆ ಎಟುಕದಲ್ಲಿರಬೇಕು.

ಇದು ಕೇವಲ ತಾಂತ್ರಿಕ ವಿಷಯವಾಗಿ ಉಳಿದಿಲ್ಲ. ನಿಗದಿತ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾದಿರಿಸಬೇಕು ಎಂದು ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನಗಳು ವಿಧಿಸುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಸೂಕ್ತ ಭದ್ರತಾ ಕ್ರಮಗಳ ಲೋಪಕ್ಕೆ 250 ಕೋಟಿ ರೂಪಾಯಿವರೆಗಿನ ದಂಡವನ್ನು ಹೇಳಿದೆ.

ಉದ್ಯಮಿಯು ಲಿನಕ್ಸ್ ಕಲಿಯಬೇಕಾಗಿಲ್ಲ. ಸರ್ವರ್ ನೋಡಿಕೊಳ್ಳುವವರನ್ನು ಕರೆದು ‘ಪಿಎಸ್’ ಆದೇಶದ ಪಟ್ಟಿಯನ್ನು ತೋರಿಸುವಂತೆ ಕೇಳಿದರೆ ಸಾಕು. ಯಾವ ಪ್ರೊಸೆಸ್ ಯಾರ ಹೆಸರಿನಲ್ಲಿ ನಡೆಯುತ್ತಿದೆಯೆಂಬುದು ಅಲ್ಲಿ ಕಾಣುತ್ತದೆ. ಅಪ್ಲಿಕೇಶನ್ನಿನ ಮುಂದೆ ರೂಟ್ ಎಂದಿದ್ದರೆ ಕಾರಣವನ್ನು ಲಿಖಿತವಾಗಿ ಕೇಳಬೇಕು. ವಾರ್ಷಿಕ ನಿರ್ವಹಣಾ ಕರಾರನ್ನು ನವೀಕರಿಸುವಾಗ ಈ ತಪಾಸಣೆಯನ್ನೂ ಒಂದು ಷರತ್ತಾಗಿ ಸೇರಿಸುವುದು ಲೇಸು. ವರ್ಷಾಂತ್ಯದಲ್ಲಿ ದಾಸ್ತಾನು ಎಣಿಸುವ ಸಂಸ್ಥೆಗೆ ಇದೇನೂ ಹೊಸ ಶಿಸ್ತಲ್ಲ.